ಹಾಸಿಗೆಯ ಸುತ್ತ ಕೂತವರ ಸಂಕಟ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಬಾಯೊಳಗಿನ ಹುಣ್ಣು ಮಾಯದೆ ಉಳಿದರೆ, ಎದೆಯಲ್ಲಿ ಗಂಟು ಕೈಗೆ ತಾಕಿದರೆ, ಮನೆಯವರು ಮೊದಲು ಯೋಚಿಸುವುದು ಯಾವ ದಿಕ್ಕಿನ ಬಸ್ಸು ಹತ್ತಬೇಕೆಂದು. ಪುಣೆ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65 ಈ ಸೀಮೆಯನ್ನು ಹಾದುಹೋಗುತ್ತದೆ. ಪೂರ್ವಕ್ಕೆ ಹೊರಟರೆ ಹೈದರಾಬಾದಿನ ರೆಡ್ ಹಿಲ್ಸ್‌ನಲ್ಲಿರುವ ಎಂ.ಎನ್.ಜೆ. ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಪಶ್ಚಿಮಕ್ಕೆ ಹೊರಟರೆ ಸೋಲಾಪುರ, ಅದರಾಚೆ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ. ದಕ್ಷಿಣಕ್ಕೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ಮೇಲೆ ಹುಮನಾಬಾದಿನಿಂದ ಅಲ್ಲಿಗೆ ರೈಲೂ ಇದೆ. ಬೆಂಗಳೂರಿನ ಕಿದ್ವಾಯಿಗೆ ಹೋಗಬೇಕಾದರೆ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ, ಒಂದು ರಾತ್ರಿಯ ಪ್ರಯಾಣ.

ಹೋಗುವಾಗ ಫೈಲಿನ ಜೊತೆ ಆಸೆಯೂ ಇರುತ್ತದೆ. ಕೆಲವು ತಿಂಗಳ ಕೀಮೋ, ಜನ ‘ಕರೆಂಟ್ ಕೊಡೋದು’ ಎನ್ನುವ ರೇಡಿಯೇಷನ್, ಮತ್ತೆ ಮತ್ತೆ ಸ್ಕ್ಯಾನ್. ಕೊನೆಗೊಂದು ದಿನ ಡಾಕ್ಟರು ಮಗನನ್ನೋ ಅಳಿಯನನ್ನೋ ಬದಿಗೆ ಕರೆದು, ‘ಇನ್ನು ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ’ ಅನ್ನುತ್ತಾರೆ. ಆ ಮಾತಿನ ಆಚೆಗೆ ನಡೆಯುವುದೆಲ್ಲ ಆಸ್ಪತ್ರೆಯ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಂದ ಮುಂದೆ ಪಡಸಾಲೆಯೇ ವಾರ್ಡು, ಸೊಸೆಯೇ ನರ್ಸು, ಹಿರಿಮಗನೇ ಮ್ಯಾನೇಜರು. ಯಾರಿಗೂ ತರಬೇತಿ ಇಲ್ಲ, ರಜೆ ಇಲ್ಲ.

ದೇಶದಲ್ಲಿ 2022ರಲ್ಲಿ ಹೊಸದಾಗಿ ಕ್ಯಾನ್ಸರ್ ಬಂದವರು ಸುಮಾರು 14.6 ಲಕ್ಷ ಮಂದಿ ಎಂದು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯ ಅಂದಾಜು. ಅವರಲ್ಲಿ ದೊಡ್ಡ ಪಾಲಿನವರು ಆಸ್ಪತ್ರೆ ಸೇರುವ ಹೊತ್ತಿಗೆ ರೋಗ ಬೆಳೆದುಬಿಟ್ಟಿರುತ್ತದೆ. ಗುಟ್ಕಾ, ತಂಬಾಕು ಬಾಯಿಗೆ ಅಂಟಿಕೊಂಡ ಈ ಗಡಿ ಸೀಮೆಯಲ್ಲೂ ಕಥೆ ಬೇರೆಯಲ್ಲ. ಒಬ್ಬ ರೋಗಿಯ ಹಿಂದೆ ಐದಾರು ಜನರಾದರೂ ಇರುತ್ತಾರೆ: ಗಂಡ ಅಥವಾ ಹೆಂಡತಿ, ಮಕ್ಕಳು, ಸೊಸೆ, ಮೊಮ್ಮಕ್ಕಳು, ಮುದಿ ತಾಯಿ. ರೋಗಿಗೆ ಗುಳಿಗೆ ಬರೆದುಕೊಡುವವರಿದ್ದಾರೆ. ಈ ಐದಾರು ಜನರನ್ನು ಕೂಡಿಸಿ ‘ನೀವು ಹೇಗಿದ್ದೀರಿ’ ಎಂದು ಕೇಳುವವರು ಯಾರು? ಜಗತ್ತಿನ ಕೆಲವು ಕಡೆ ಇದಕ್ಕೊಂದು ಶಿಸ್ತಾದ ಚಿಕಿತ್ಸೆ ಬೆಳೆದಿದೆ. ಅದು ನಮ್ಮ ತಾಲ್ಲೂಕುಗಳಿಗೂ ಬರಬೇಕು, ಬರುವ ದಾರಿಯೂ ಇದೆ.

ಮೊದಲು ಮನೆಯೊಳಗಿನ ಮೌನವನ್ನು ಅರ್ಥ ಮಾಡಿಕೊಳ್ಳಬೇಕು. ‘ಅವ್ವಗ ಏನೂ ಹೇಳಬ್ಯಾಡ್ರಿ ಸಾಹೇಬ್ರ, ಗೊತ್ತಾದ್ರ ಇವತ್ತೇ ಜೀವ ಬಿಡ್ತಾಳ’ ಎಂದು ಮಗ ಡಾಕ್ಟರಿಗೆ ಕೈಮುಗಿಯುವುದು ಇಲ್ಲಿ ದಿನನಿತ್ಯದ ಮಾತು. ಅದರಲ್ಲಿರುವುದು ಪ್ರೀತಿಯೇ. ಆದರೆ ಅವ್ವನಿಗೆ ಬಹಳ ಸಲ ಎಲ್ಲವೂ ಗೊತ್ತಿರುತ್ತದೆ. ಮೈ ಹೇಳುತ್ತದೆ, ನೋಡಲು ಬಂದವರ ಮುಖ ಹೇಳುತ್ತದೆ, ಬೇಡಬೇಡವೆಂದರೂ ದೂರದ ಮಗಳು ಓಡಿಬರುವುದು ಹೇಳುತ್ತದೆ. ಮಕ್ಕಳಿಗೆ ನೋವಾಗಬಾರದೆಂದು ಅವ್ವ ತನಗೇನೂ ಗೊತ್ತಿಲ್ಲದಂತೆ ಇರುತ್ತಾಳೆ. ಅವ್ವನಿಗೆ ನೋವಾಗಬಾರದೆಂದು ಮಕ್ಕಳು ಏನೂ ಆಗಿಲ್ಲದಂತೆ ಇರುತ್ತಾರೆ. ಒಂದೇ ಸೂರಿನಡಿ ಎಲ್ಲರೂ ಒಂದೇ ವಿಷಯಕ್ಕೆ ಅಳುತ್ತಾರೆ, ಒಬ್ಬರಿಗೊಬ್ಬರು ಕಾಣದಂತೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯರಾದ ಸಂತೋಷ್ ಚತುರ್ವೇದಿ ಮತ್ತು ಪ್ರಭಾ ಚಂದ್ರ ಈ ಮುಚ್ಚುಮರೆಯ ಒಪ್ಪಂದದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಕೆನಡಾದ ಸಂಶೋಧಕಿಯೊಬ್ಬರ ಜೊತೆ ಸೇರಿ 2009ರಲ್ಲಿ ಉಪಶಾಮಕ ಆರೈಕೆಯ ಭಾರತೀಯ ಪತ್ರಿಕೆಯಲ್ಲಿ ಬೇರೆ ಬೇರೆ ಸಂಸ್ಕೃತಿಗಳನ್ನು ಹೋಲಿಸಿ ಬರೆದರು. ಮುಚ್ಚಿಡುವ ಮನೆಯವರನ್ನು ಗದರಿಸಿ ಪ್ರಯೋಜನವಿಲ್ಲ. ಯಾಕೆ ಹೇಳಬಾರದು ಅನ್ನಿಸುತ್ತದೆ ಎಂದು ಅವರನ್ನೇ ಕೇಳಬೇಕು, ಮುಚ್ಚಿಡಲು ಅವರು ಪಡುತ್ತಿರುವ ಪಾಡನ್ನು ಒಪ್ಪಿಕೊಳ್ಳಬೇಕು, ಆಮೇಲೆ ರೋಗಿಗೆ ಎಷ್ಟು ಗೊತ್ತಿದೆ ಎಂದು ಮೆಲ್ಲಗೆ ತಿಳಿದುಕೊಳ್ಳಲು ಅವರ ಒಪ್ಪಿಗೆ ಕೇಳಬೇಕು. ಈ ಕ್ಷೇತ್ರದಲ್ಲಿ ಪಳಗಿದವರು ಮಾಡುವುದು ಹೀಗೆ. ಬಾಗಿಲು ಒಡೆಯುವುದಕ್ಕಿಂತ ಒಳಗಿನವರೇ ಚಿಲಕ ತೆಗೆಯುವಂತೆ ಮಾಡುವುದು ಲೇಸು.

ಕುಟುಂಬವನ್ನು ಚಿಕಿತ್ಸೆಯ ಒಳಗೆ ಕರೆದುಕೊಳ್ಳುವ ವಿಚಾರ ಪಶ್ಚಿಮದಿಂದ ಬಂದದ್ದು ಎಂದು ಹಲವರು ತಿಳಿದಿದ್ದಾರೆ. ನಮ್ಮಲ್ಲೂ ಅದಕ್ಕೆ ಹಳೆಯ ಬೇರುಗಳಿವೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ, ರೋಗಿಗಳ ಮನೆಯವರನ್ನು ಅಲ್ಲೇ ಉಳಿಸಿಕೊಂಡರು. 1957ರಲ್ಲಿ ಶುರುವಾದ ವೆಲ್ಲೂರು ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರ ರೋಗಿಯ ಜೊತೆ ಮನೆಯವರೂ ಇರಬೇಕೆಂಬ ಪದ್ಧತಿ ತಂದಿತು. ನಿಮ್ಹಾನ್ಸ್‌ನಲ್ಲಿ 1977ರಿಂದ ಕುಟುಂಬ ಮನೋವೈದ್ಯಕೀಯಕ್ಕೇ ಮೀಸಲಾದ ಕೇಂದ್ರವಿದೆ. ಇವೆಲ್ಲ ಮನೋರೋಗಗಳ ಸುತ್ತ ಬೆಳೆದ ಕೆಲಸ. ಕ್ಯಾನ್ಸರ್ ಮನೆಗಳಿಗೆ ಇದೇ ಅರಿವನ್ನು ಹೊಂದಿಸುವ ದೊಡ್ಡ ಪ್ರಯತ್ನ ನಡೆದದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ.

ಅಲ್ಲಿ ಡೇವಿಡ್ ಕಿಸೇನ್ ಎಂಬ ಮನೋವೈದ್ಯ ಸಾವಿನಂಚಿನ ಕ್ಯಾನ್ಸರ್ ರೋಗಿಗಳ ಮನೆಗಳನ್ನು ವರ್ಷಾನುಗಟ್ಟಲೆ ಗಮನಿಸಿದರು. ಕೆಲವು ಮನೆಗಳಲ್ಲಿ ಒಗ್ಗಟ್ಟು ತಾನಾಗಿ ಇರುತ್ತದೆ. ಕೆಲವು ಮನೆಗಳಲ್ಲಿ ಜಗಳವಾಗುತ್ತದೆ, ಆದರೆ ಜಗಳ ಮುಗಿಸಿಕೊಳ್ಳುವುದೂ ಗೊತ್ತು. ಈ ಎರಡು ಬಗೆಯವರಿಗೆ ಹೊರಗಿನವರ ಸಹಾಯ ಅಷ್ಟಾಗಿ ಬೇಡ. ಸಂಕಟ ಇರುವುದು ಮೂರು ಕಡೆ: ಒಳಗೊಳಗೇ ಮುನಿಸು ಹೊತ್ತು ಮಾತು ಕಡಿಮೆಯಾದ ಮನೆ, ಬಹಿರಂಗವಾಗಿ ಹಗೆ ಸಾಧಿಸುವ ಮನೆ, ಒಗ್ಗಟ್ಟಿಗೂ ಒಡಕಿಗೂ ನಡುವೆ ತೂಗಾಡುವ ಮನೆ. ಸಾವಿನ ನಂತರ ಖಿನ್ನತೆಗೆ ಬೀಳುವವರು ಹೆಚ್ಚಾಗಿ ಈ ಮನೆಗಳವರೇ ಎಂಬುದು ಕಿಸೇನ್ ತಂಡ ಕಂಡುಕೊಂಡ ಸಂಗತಿ. ಇಂಥ ಮನೆ ಯಾವುದೆಂದು ಗುರುತಿಸಲು ಹೌದು–ಇಲ್ಲ ಎಂದು ಉತ್ತರಿಸುವ 12 ಪ್ರಶ್ನೆಗಳ ಪಟ್ಟಿ ಸಾಕಾಗುತ್ತದೆ. ಮನೆಯಲ್ಲಿ ಒಬ್ಬರಿಗೊಬ್ಬರು ಆಸರೆಯಾಗುತ್ತೀರಾ, ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳುತ್ತೀರಾ, ಜಗಳ ಎಷ್ಟು ಎಂಬಂಥವು. ತರಬೇತಾದ ನರ್ಸ್ ಹತ್ತು ನಿಮಿಷದಲ್ಲಿ ಕೇಳಿ ಮುಗಿಸಬಹುದು.

ಚಿಕಿತ್ಸೆ ರೋಗಿ ಬದುಕಿರುವಾಗಲೇ ಶುರುವಾಗುತ್ತದೆ. ಇದೇ ಅದರ ಜೀವಾಳ. ರೋಗಿಯೂ ಸೇರಿ ಮನೆಯವರೆಲ್ಲ ಒಂದೂವರೆ ತಾಸು ಒಟ್ಟಿಗೆ ಕೂರುತ್ತಾರೆ. ಇಂಥ ಆರರಿಂದ ಹತ್ತು ಬೈಠಕ್‌ಗಳು ಒಂಬತ್ತರಿಂದ ಹದಿನೆಂಟು ತಿಂಗಳ ಅವಧಿಯಲ್ಲಿ ಹರಡಿಕೊಳ್ಳುತ್ತವೆ. ನಡುವೆ ಸಾವು ಬರುತ್ತದೆ. ಆದರೂ ಬೈಠಕ್ ನಿಲ್ಲುವುದಿಲ್ಲ. ತೀರಿಕೊಂಡವರನ್ನು ಕಂಡಿದ್ದ, ಅವರ ದನಿ ಕೇಳಿದ್ದ ಅದೇ ಚಿಕಿತ್ಸಕ ಮುಂದೆಯೂ ಬರುತ್ತಾನೆ. ದುಃಖದಲ್ಲಿರುವ ಮನೆಗೆ ಇದು ಸಣ್ಣ ಸಮಾಧಾನವಲ್ಲ.

ಫಲಿತಾಂಶಗಳನ್ನು ಉಬ್ಬಿಸದೆ ಹೇಳಬೇಕು. 2006ರಲ್ಲಿ ಪ್ರಕಟವಾದ ಮೆಲ್ಬರ್ನ್ ಅಧ್ಯಯನದಲ್ಲಿ 81 ಕುಟುಂಬಗಳು ಪಾಲ್ಗೊಂಡಿದ್ದವು. ಒಟ್ಟಾರೆ ಲಾಭ ಸಾಧಾರಣ. ಮೊದಲಿನಿಂದಲೇ ಹೆಚ್ಚು ಕುಗ್ಗಿದವರಿಗೆ ಒಳ್ಳೆಯ ಚೇತರಿಕೆ ಸಿಕ್ಕಿತು, ಮುನಿಸಿನ ಮನೆಗಳು ಸುಧಾರಿಸಿದವು, ಹಗೆಯ ಮನೆಗಳಲ್ಲಿ ಖಿನ್ನತೆ ಇಳಿಯಲಿಲ್ಲ. ಕಿಸೇನ್ ನ್ಯೂಯಾರ್ಕ್‌ಗೆ ಹೋದ ಮೇಲೆ ನಡೆದ ಇನ್ನೊಂದು ಅಧ್ಯಯನ 2016ರಲ್ಲಿ ಹೊರಬಂತು. ಅದರಲ್ಲಿ 170 ಕುಟುಂಬಗಳಿದ್ದವು. ಸಾವಿನ 13 ತಿಂಗಳ ನಂತರ ನೋಡಿದಾಗ, ಸಾಮಾನ್ಯ ಆರೈಕೆ ಮಾತ್ರ ಸಿಕ್ಕವರಲ್ಲಿ ಶೇ 15.5 ಮಂದಿ ತೀರದ ಶೋಕಕ್ಕೆ ಸಿಲುಕಿದ್ದರು. ಹತ್ತು ಬೈಠಕ್ ಆದವರಲ್ಲಿ ಅದು ಶೇ 3.3. ಮಾತಿನಿಂದ ಸಾಧಿಸಬಹುದಾದದ್ದು ಇಷ್ಟಿದ್ದರೆ, ಅದನ್ನು ಪಡೆಯುವ ಹಕ್ಕು ಹುಮನಾಬಾದಿನ ಮನೆಗೂ ಇದೆ.

ಬೈಠಕ್‌ನಲ್ಲಿ ನಡೆಯುವುದಾದರೂ ಏನು? ಒಂದು ಮನೆಯನ್ನು ಎದುರಿಗಿಟ್ಟುಕೊಂಡು ನೋಡೋಣ. ಇದು ಯಾರದೋ ಮನೆಯ ವರದಿಯಲ್ಲ, ಈ ಭಾಗದ ಮನೆಗಳ ಚಹರೆಯಿಂದ ಕಟ್ಟಿಕೊಂಡ ಉದಾಹರಣೆ. ತಾಯಿಗೆ ಗರ್ಭಕೊರಳಿನ ಕ್ಯಾನ್ಸರ್, ಬೇರೆ ಕಡೆಗೂ ಹಬ್ಬಿದೆ. ತಂದೆ ಮಾತು ಕಡಿಮೆ. ಹಿರಿಮಗ ತೊಗರಿ, ಸೋಯಾ ಬೆಳೆಯುವ ರೈತ. ಹಗಲು ರಾತ್ರಿ ಅತ್ತೆಯ ಬಟ್ಟೆ, ಹಾಸಿಗೆ ನೋಡುವವಳು ಅವನ ಹೆಂಡತಿ. ಕಿರಿಮಗ ಪುಣೆಯಲ್ಲಿ ಕಂಪನಿ ಕೆಲಸಕ್ಕಿದ್ದಾನೆ. ಮಗಳನ್ನು ಗಡಿಯಾಚೆ ಉಮರ್ಗಾಕ್ಕೆ ಕೊಟ್ಟಿದೆ. ಏಳನೇ ಕ್ಲಾಸಿನ ಮೊಮ್ಮಗಳೊಬ್ಬಳು ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು.

ಚಿಕಿತ್ಸಕಿ ಮೊದಲು ಹಾಳೆಯ ಮೇಲೆ ಮೂರು ತಲೆಮಾರಿನ ವಂಶವೃಕ್ಷ ಬರೆಯುತ್ತಾಳೆ. ಯಾರು ಯಾವಾಗ ತೀರಿಕೊಂಡರು, ಆಗ ಮನೆ ಹೇಗೆ ತಡೆದುಕೊಂಡಿತು ಎಂದು ಕೇಳುತ್ತಾ ಹೋಗುತ್ತಾಳೆ. ತಂದೆ ಹತ್ತು ವರ್ಷದವನಿದ್ದಾಗ ಅವನ ತಾಯಿ ಸತ್ತಿದ್ದು, ಯಾರೂ ಅವನಿಗೆ ಏನೂ ಹೇಳದೆ ಮಾವನ ಊರಿಗೆ ಕಳಿಸಿದ್ದು ಆಗ ಹೊರಬೀಳುತ್ತದೆ. ಮಕ್ಕಳಿಗೆ ಅದು ಹೊಸ ಸುದ್ದಿ. ಅಪ್ಪ ಯಾಕೆ ಬಾಯಿ ಬಿಡುವುದಿಲ್ಲ ಎಂಬುದಕ್ಕೆ ಮೊದಲ ಬಾರಿ ಒಂದು ಕಾರಣ ಸಿಗುತ್ತದೆ. ಮುಂದಿನ ಪ್ರಶ್ನೆಗಳನ್ನು ಅವಳು ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಕೇಳುತ್ತಾಳೆ. ಮಗಳಿಗೆ: ‘ನಿಮ್ಮ ಮನ್ಯಾಗ ಎಲ್ಲರಿಗಿಂತ ಹೆಚ್ಚು ದಣದವರು ಯಾರ್ರಿ?’ ಮಗಳು ತುಸು ತಡೆದು, ‘ವೈನಿ’ ಅನ್ನುತ್ತಾಳೆ. ಕಿರಿಮಗನಿಗೆ: ‘ನಿಮ್ಮ ಅಣ್ಣ ಯಾರ ಮುಂದ ಅಳ್ತಾರ?’ ಅವನ ಉತ್ತರ: ‘ಯಾರ ಮುಂದನೂ ಇಲ್ರಿ. ಹೊಲಕ್ಕ ಹೋಗ್ತಾನ.’ ಅಣ್ಣ ತಲೆ ತಗ್ಗಿಸುತ್ತಾನೆ. ನೇರವಾಗಿ ‘ನೀನು ಅಳ್ತೀಯಾ’ ಎಂದು ಕೇಳಿದ್ದರೆ ಆ ಗಂಡಸು ಎದ್ದು ಹೋಗುತ್ತಿದ್ದ.

ಸೊಸೆಯ ದಣಿವನ್ನು ನಾದಿನಿಯ ಬಾಯಿಂದ ಎಲ್ಲರೂ ಕೇಳಿದ ಮೇಲೆ ಪರಿಹಾರ ಕಷ್ಟವಲ್ಲ. ಶನಿವಾರ ರಾತ್ರಿ ಕಿರಿಮಗ ತಾಯಿಯ ಹತ್ತಿರ ಮಲಗುವುದು, ತಿಂಗಳಲ್ಲಿ ಒಂದು ವಾರ ಮಗಳು ಬಂದಿರುವುದು, ಡಾಕ್ಟರ ಹತ್ತಿರ ಹೋಗುವಾಗ ತಂದೆಯೂ ಹೋಗುವುದು ಎಂದು ಅಲ್ಲೇ ತೀರ್ಮಾನವಾಗಬಹುದು. ಚಿಕಿತ್ಸಕಿ ಉಪದೇಶ ಮಾಡುವುದಿಲ್ಲ. ಕೇಳಿದ್ದನ್ನು ಕೂಡಿಸಿ ಅವರ ಮುಂದೆಯೇ ಹೇಳುತ್ತಾಳೆ: ‘ಈ ಮನ್ಯಾಗ ಎಲ್ಲರೂ ಒಬ್ಬರನ್ನೊಬ್ಬರು ಕಾಯ್ಲಿಕ್ಕೆ ಸುಮ್ಮನಿದ್ದೀರಿ. ಅದ್ರಾಗ ಅವ್ವಗ ಕೇಳಬೇಕಾದ ಮಾತು ಉಳಿದುಬಿಟ್ಟದ.’ ಆ ಮಾತು ಬಹಳ ಸಲ ದೊಡ್ಡದೇನೂ ಆಗಿರುವುದಿಲ್ಲ. ಮೊಮ್ಮಗಳ ಓದು ಬಿಡಿಸಬೇಡಿ, ನನ್ನ ಸೀರೆಗಳನ್ನು ತಂಗಿಗೆ ಕೊಡಿ, ಆಸ್ಪತ್ರೆಯಲ್ಲಿ ಸಾಯಿಸಬೇಡಿ. ಇಷ್ಟು ಹೇಳಿಕೊಳ್ಳಲು ಜಾಗ ಸಿಗದೆ ಹೋದವರು ಎಷ್ಟೋ.

ಆ ಏಳನೇ ಕ್ಲಾಸಿನ ಹುಡುಗಿಯ ವಿಷಯ ಬೇರೆಯಾಗಿಯೇ ಹೇಳಬೇಕು. ದೊಡ್ಡವರು ಪಿಸುಗುಟ್ಟುವುದನ್ನು ಮಕ್ಕಳು ಬೇಗ ಹಿಡಿಯುತ್ತಾರೆ, ಗೊತ್ತಿಲ್ಲದ ಜಾಗವನ್ನು ತಮ್ಮದೇ ಊಹೆಯಿಂದ ತುಂಬುತ್ತಾರೆ. ತಾನು ಅಜ್ಜಿಯ ಮಾತು ಕೇಳದ್ದಕ್ಕೆ ಹೀಗಾಯಿತು ಎಂದೂ, ಮುಟ್ಟಿದರೆ ತನಗೂ ಬರುತ್ತದೆ ಎಂದೂ ನಂಬುವ ಮಕ್ಕಳಿದ್ದಾರೆ. ಅವರಿಗೆ ಚಿಕ್ಕ ಚಿಕ್ಕ ನಿಜ ಹೇಳಬೇಕು: ಅಜ್ಜಿಗೆ ದೊಡ್ಡ ರೋಗ ಬಂದಿದೆ, ನಿನ್ನಿಂದ ಬಂದದ್ದಲ್ಲ, ಮುಟ್ಟಿದರೆ ಅಂಟುವುದಿಲ್ಲ, ವಾಸಿಯಾಗುವುದು ಕಷ್ಟ. ಪರೀಕ್ಷೆ ಮುಗಿಯಲಿ ಎಂದು ಮಗುವನ್ನು ಬೇರೆ ಊರಿಗೆ ಕಳಿಸಿ, ಮಣ್ಣಿಗೂ ಕರೆಸದೆ ಇರುವುದು ದಯೆಯಂತೆ ಕಂಡರೂ ಅದರ ಪೆಟ್ಟು ದೂರದವರೆಗೆ ಉಳಿಯುತ್ತದೆ.

ಪುಣೆಯ ಮಗನ ಪಾಡೂ ಸಣ್ಣದಲ್ಲ. ಈ ಎರಡು ತಾಲ್ಲೂಕುಗಳಿಂದ ದುಡಿಯಲು ಹೈದರಾಬಾದ್, ಪುಣೆ, ಮುಂಬಯಿ, ಬೆಂಗಳೂರಿಗೆ ಹೋದವರು ಬಹಳ. ದೂರವಿದ್ದವನಿಗೆ ತಪ್ಪಿತಸ್ಥ ಭಾವ ಹೆಚ್ಚು. ಕೊನೆಯ ವಾರ ಬಂದಿಳಿದು, ‘ಇಷ್ಟು ದಿನ ಏನು ಮಾಡಿದ್ರಿ? ಐಸಿಯುಗೆ ಹಾಕ್ರಿ, ರೊಕ್ಕ ನಾ ಕೊಡ್ತೀನಿ’ ಎಂದು ಸಿಡಿಯುತ್ತಾನೆ. ಇಷ್ಟು ದಿನ ಹೇಲುಉಚ್ಚೆ ಬಳಿದ ಅಣ್ಣ–ಅತ್ತಿಗೆಗೆ ಆ ಒಂದು ಮಾತು ಜನ್ಮವಿಡೀ ನೆನಪಿರುತ್ತದೆ. 1991ರಲ್ಲಿ ಅಮೆರಿಕದ ವೃದ್ಧರ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವೈದ್ಯರು ಇದೇ ನಡವಳಿಕೆಗೆ ‘ಕ್ಯಾಲಿಫೋರ್ನಿಯಾದ ಮಗಳು’ ಎಂದು ಹೆಸರಿಟ್ಟು ಬರೆದಿದ್ದರು. ದೂರದಲ್ಲಿದ್ದ ಮಕ್ಕಳು ಎಲ್ಲ ದೇಶಗಳಲ್ಲೂ ಹೀಗೇ ಬಂದಿಳಿಯುತ್ತಾರೆ. ಅಂಥವರನ್ನು ಮೊದಲ ಬೈಠಕ್‌ಗೇ ವಿಡಿಯೋ ಕರೆಯಲ್ಲಾದರೂ ಸೇರಿಸಿಕೊಂಡರೆ ಕೊನೆಯ ವಾರದ ರಂಪ ಎಷ್ಟೋ ತಗ್ಗುತ್ತದೆ.

ಐಸಿಯು, ವೆಂಟಿಲೇಟರ್ ಪ್ರಶ್ನೆಗೆ ಈಗ ಕಾನೂನಿನ ದಾರಿಯೂ ಇದೆ. ಗುಣವಾಗದ ಸ್ಥಿತಿಯಲ್ಲಿ ಜೀವ ಹಿಡಿದಿಡುವ ಯಂತ್ರಗಳು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಒಪ್ಪಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಮುಂದೆ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣದೊಂದಿಗೆ ಬರೆದರೆ ಸಾಕು. ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂಬ ಹೆಸರುಗಳನ್ನೂ ಅದರಲ್ಲಿ ಕೊಡಬಹುದು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಆದರೆ ಕಾಗದ ಬರೆಯುವ ಮೊದಲು ಮನೆಯವರು ಕೂತು ಆ ಮಾತನ್ನು ಬಾಯಿಬಿಟ್ಟು ಆಡಬೇಕಲ್ಲ. ಅಲ್ಲಿ ಮತ್ತೆ ಬೇಕಾಗುವುದು ಕೂಡಿಸಿ ಮಾತಾಡಿಸಬಲ್ಲವರು.

ಇದೆಲ್ಲಕ್ಕೂ ಮೊದಲು ಬೇಕಾದದ್ದು ನೋವಿಗೆ ಔಷಧಿ. ರಾತ್ರಿಯಿಡೀ ನರಳುವ ಜೀವದ ಪಕ್ಕ ಕೂತು ಯಾವ ಕುಟುಂಬವೂ ಮನಸ್ಸು ಬಿಚ್ಚುವುದಿಲ್ಲ. ನಾಲ್ಕು ತಾಸಿಗೊಮ್ಮೆ ಕೊಡುವ ಮಾರ್ಫಿನ್ ಗುಳಿಗೆ ದುಬಾರಿಯದೇನಲ್ಲ. ಮಾದಕ ವಸ್ತು ಕಾಯ್ದೆಯ ತೊಡಕುಗಳಿಂದ ಅದು ವರ್ಷಗಟ್ಟಲೆ ರೋಗಿಗಳ ಕೈಗೆ ಸಿಗಲಿಲ್ಲ. 2014ರ ತಿದ್ದುಪಡಿಯಿಂದ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದು ಸುಲಭವಾಯಿತು. ಮೂಲೆಯ ಹಳ್ಳಿಗೆ ಅದು ಮುಟ್ಟಬೇಕಾದರೆ ತಾಲ್ಲೂಕು ಮಟ್ಟದ ವೈದ್ಯರು ಮನಸ್ಸು ಮಾಡಬೇಕು. ‘ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ’ ಎಂಬ ಭಯದಿಂದ ಸಾವಿನಂಚಿನ ರೋಗಿಯನ್ನು ನೋವಿನಲ್ಲಿಡುವುದು ಅನ್ಯಾಯ.

ಸಾವಿನ ನಂತರದ ದಿನಗಳಿಗೆ ಈ ಸೀಮೆಯಲ್ಲಿ ಗಟ್ಟಿಯಾದ ರೂಢಿಗಳಿವೆ. ಭಜನೆ ಮೇಳ ಬಂದು ರಾತ್ರಿಯಿಡೀ ಹೆಣದ ಮುಂದೆ ತತ್ವಪದ ಹಾಡುತ್ತದೆ. ಲಿಂಗಾಯತರು ವಿಭೂತಿ ಹಚ್ಚಿ ಕೂಡಿಸಿದ ದೇಹವನ್ನು ಸಮಾಧಿಗೆ ಇಳಿಸುತ್ತಾರೆ. ಮರಾಠರ ಮನೆಗಳಲ್ಲಿ ಹತ್ತನೇ, ಹದಿಮೂರನೇ ದಿನ. ಮುಸ್ಲಿಮರಲ್ಲಿ ಮೂರನೇ ದಿನದ ಜಿಯಾರತ್, ನಲವತ್ತನೇ ದಿನ, ವಿಧವೆಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್. ನೆರೆಯವರು ಬುತ್ತಿ ತರುತ್ತಾರೆ, ಬೀಗರು ಬಂದು ಅತ್ತು ಹೋಗುತ್ತಾರೆ. ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವವರು ಒಂದನ್ನು ಮರೆಯುತ್ತಾರೆ: ಗುಂಪಿನಲ್ಲಿ ಅಳಲು ಅವಕಾಶ ಕೊಡುವ ಈ ಏರ್ಪಾಡು ನಗರದ ಫ್ಲ್ಯಾಟುಗಳಲ್ಲಿ ಸಿಗುವುದಿಲ್ಲ. ಚಿಕಿತ್ಸೆಯವರು ಇದರ ಜೊತೆಗೇ ಕೆಲಸ ಮಾಡಬೇಕು, ಇದರ ಜಾಗದಲ್ಲಲ್ಲ.

ಕೊರತೆ ಇರುವುದು ಜನ ಹೊರಟುಹೋದ ಮೇಲೆ. ಸಾಲಗಾರರು ಬರುತ್ತಾರೆ. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ ನಿಜ, ಆದರೆ ಬಸ್ ಚಾರ್ಜು, ಆಸ್ಪತ್ರೆ ಊರಿನ ಖೋಲಿ ಬಾಡಿಗೆ, ಕೆಡಿಸಿಕೊಂಡ ಕೂಲಿ ಇವೆಲ್ಲ ಮನೆಯ ತಲೆಯ ಮೇಲೇ ಬೀಳುತ್ತವೆ. ಯಾರ ಪಾಲಿನ ಹೊಲ ಒತ್ತೆ ಇಡಬೇಕು ಎಂಬ ಜಗಳ ಆಗ ಏಳುತ್ತದೆ. ಹಗಲು ರಾತ್ರಿ ಸೇವೆ ಮಾಡಿದ ಸೊಸೆಗೆ ಕೈ ಖಾಲಿಯಾಗಿ ಏನು ಮಾಡಬೇಕೋ ತಿಳಿಯುವುದಿಲ್ಲ. ಅಳುವ ಹಕ್ಕು ಗಂಡನಿಗೆ, ನಾದಿನಿಗೆ. ಅತ್ತೆಗಾಗಿ ಅವಳು ಅತ್ತರೆ ‘ತೋರಿಕೆ’ ಅನ್ನುವವರೂ ಇದ್ದಾರೆ.

ಹೆಚ್ಚಿನವರ ದುಃಖ ಕಾಲಕ್ರಮದಲ್ಲಿ ತಾನಾಗಿ ಹಗುರವಾಗುತ್ತದೆ. ಅವರಿಗೆ ಚಿಕಿತ್ಸೆ ಬೇಡ. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಹೇಳಿದ ಐದು ಹಂತಗಳನ್ನು ದುಃಖಿತರಿಗೆ ಟೈಮ್‌ಟೇಬಲ್‌ನಂತೆ ಓದಿಸುವುದೂ ಬೇಡ. ಅವರು ಗಮನಿಸಿದ್ದು ಸಾಯುತ್ತಿದ್ದ ರೋಗಿಗಳನ್ನು. ಆದರೆ ಕೆಲವರಲ್ಲಿ ತಿಂಗಳುಗಳು ಕಳೆದರೂ ಹಂಬಲ ತಗ್ಗುವುದಿಲ್ಲ, ಬದುಕು ನಿಂತಲ್ಲೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿ 2022ರಿಂದ ಇದನ್ನು ಪ್ರತ್ಯೇಕ ಕಾಯಿಲೆ ಎಂದು ಗುರುತಿಸಿದೆ. ಆರು ತಿಂಗಳು ದಾಟಿಯೂ, ಆಯಾ ಸಮಾಜದ ರೂಢಿಗೆ ಮೀರಿ, ದಿನದ ಕೆಲಸವೇ ಆಗದಷ್ಟು ಶೋಕ ಉಳಿದರೆ ಸಹಾಯ ಬೇಕೆಂದು ಅರ್ಥ. ಸಾಯುವ ಮಾತು ಆಡಿದರೆ ಆರು ತಿಂಗಳು ಕಾಯಬಾರದು, ಅಂದೇ ಕರೆದೊಯ್ಯಬೇಕು.

ಎಲ್ಲಿಗೆ? ಬೆಂಗಳೂರಿನಲ್ಲಿ 1999ರಿಂದ ನಡೆಯುತ್ತಿರುವ ಕರುಣಾಶ್ರಯದಂಥ, ಹಣ ತೆಗೆದುಕೊಳ್ಳದೆ ಕೊನೆಗಾಲದ ಆರೈಕೆ ಕೊಡುವ ಆಶ್ರಮ ಬೀದರ್ ಜಿಲ್ಲೆಯ ಪ್ರತಿ ತಾಲ್ಲೂಕಿಗೆ ಬರಲಿ ಎಂದು ಕಾಯುತ್ತ ಕೂರಬೇಕಿಲ್ಲ. ಕೇರಳದ ಕೋಯಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಸಣ್ಣ ಸಂಘವೊಂದು, ಮುಂದೆ ಊರೂರಿನ ಸ್ವಯಂಸೇವಕರನ್ನು ಮನೆ ಭೇಟಿಗೆ ತಯಾರು ಮಾಡಿ ಇಡೀ ರಾಜ್ಯದ ದಾರಿ ಬದಲಿಸಿತು. ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಇನ್ನೂ ಹಳೆಯ ನಿದರ್ಶನವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗದ ತರಬೇತಿ ಕೊಟ್ಟಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಪಕ್ಕದ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾದಾಗ ಕಾರ್ಯಕರ್ತರು ಹಳ್ಳಿ ಹಳ್ಳಿಗೆ ಹೋಗಿ ಕೂತು ಮಾತಾಡಿದರು. ಮುಂದೆ ಗರ್ಭಕೊರಳಿನ ಕ್ಯಾನ್ಸರಿನವರು ಮೊದಲಿಗಿಂತ ಬೇಗ ಆಸ್ಪತ್ರೆಗೆ ಬರತೊಡಗಿದರು. ಹಳ್ಳಿಯ ಕಟ್ಟೆಯಲ್ಲಿ ಕೂತು ಮಾತಾಡಬಲ್ಲವರನ್ನು ತಯಾರು ಮಾಡುವುದು ನಮಗೆ ಹೊಸದಲ್ಲ.

ಹಾಗಾದರೆ ಮಾಡಬೇಕಾದದ್ದು ಸ್ಪಷ್ಟ. ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕು ಆಸ್ಪತ್ರೆಗಳಲ್ಲಿ ತಲಾ ಇಬ್ಬರು ನರ್ಸುಗಳಿಗೆ, ಒಬ್ಬ ಸಮಾಜ ಕಾರ್ಯಕರ್ತರಿಗೆ ನಿಮ್ಹಾನ್ಸ್ ಅಥವಾ ಕಿದ್ವಾಯಿಯಲ್ಲಿ ಕುಟುಂಬಗಳೊಂದಿಗೆ ಮಾತಾಡುವ ತರಬೇತಿ ಕೊಡಿಸಬೇಕು. ಅವರಿಗೆ ಕನ್ನಡದ ಜೊತೆ ಮರಾಠಿ, ಉರ್ದು ಬರಬೇಕು, ಲಂಬಾಣಿ ತಾಂಡಾಗಳಲ್ಲಿ ಆ ಭಾಷೆ ಬಲ್ಲವರೇ ಜೊತೆಗಿರಬೇಕು. ದುಃಖ ಹೇಳಿಕೊಳ್ಳುವುದು ಮನೆಯ ಮಾತಿನಲ್ಲಿ ಮಾತ್ರ. 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಕಾರ್ಯಕರ್ತರು ಮನೆ ಬಾಗಿಲಿಗೇ ಬರುವ ಪದ್ಧತಿ ಇದೆ. ಹಾಗೆ ಬಂದವರು ಕೊನೆಗಾಲದ ರೋಗಿ ಇರುವ ಮನೆಯನ್ನು ಪಟ್ಟಿ ಮಾಡಿ, ಆ 12 ಪ್ರಶ್ನೆ ಕೇಳಿ, ತಾಲ್ಲೂಕು ಆಸ್ಪತ್ರೆಗೆ ತಿಳಿಸಿದರೆ ಅರ್ಧ ಕೆಲಸ ಆದಂತೆ. ಇದಕ್ಕೆ ಹೊಸ ಕಟ್ಟಡ ಬೇಡ. ಜಿಲ್ಲಾ ಆಡಳಿತ, ಎರಡೂ ಕ್ಷೇತ್ರಗಳ ಶಾಸಕರು ಇದನ್ನು ಕೇಳಿ ಪಡೆಯಬೇಕು.

ಅಲ್ಲಿಯವರೆಗೆ ಮನೆಯಲ್ಲಿ ಇಂಥ ರೋಗಿ ಇರುವವರು ಎರಡು ಕೆಲಸ ಮಾಡಬಹುದು. ಮುಂದಿನ ಸಲ ಕಲಬುರಗಿಗೋ ಹೈದರಾಬಾದಿಗೋ ಹೋದಾಗ, ‘ನಮ್ಮ ಮನೆಯವರನ್ನೆಲ್ಲ ಒಮ್ಮೆ ಕೂಡಿಸಿ ಮಾತಾಡ್ರಿ ಡಾಕ್ಟ್ರೇ, ಇಲ್ಲಿ ನೋವು ನಿವಾರಣೆಯ ವಿಭಾಗ ಎಲ್ಲಿದೆ’ ಎಂದು ಕೇಳಿ. ಹತ್ತಿರದಲ್ಲೇ ಬೇಕೆಂದರೆ, ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣುವ ಏರ್ಪಾಡಿದೆ. ಸೇವೆ ಮಾಡಿ ಸೋತ ಸೊಸೆಯೂ ಅಲ್ಲಿ ಚೀಟಿ ಮಾಡಿಸಬಹುದು, ಅದಕ್ಕೆ ಹುಚ್ಚು ಹಿಡಿದಿರಬೇಕಿಲ್ಲ. ಮನೆಯಿಂದ ಹೊರಡಲಾಗದವರು ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಲಿ. ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ, ದಿನದ 24 ತಾಸೂ ಎತ್ತುತ್ತಾರೆ.